ಹವಾಮಾನದ ಕಳವಳ: ಯುವಜನರ ಮಾತಿಗೆ ಆಪ್ತಸಮಾಲೋಚಕರ ಕಿವಿ

(ಆಪ್ತಸಮಾಲೋಚಕರ ತರಬೇತಿ ಶಿಬಿರಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಹಾಸನ ಜಿಲ್ಲೆಯಿಂದ ಉದ್ಯೋಗ ನಿಮಿತ್ತ ಚೆನ್ನೈಗೆ ಬಂದು ನೆಲೆಸಿದ ಒಂದು ಕುಟುಂಬ. 2015ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಅಡ್ಯಾರು ನದಿ ಉಕ್ಕಿ ಸೈದಾಪೇಟೆ, ಕೊಟ್ಟೂರ್‌ಪುರಂ ಮೊದಲಾದ ಬಡಾವಣೆಗಳಿಗೆ ನುಗ್ಗಿದಾಗ ಆ ಮನೆಯ ಮಗಳಿಗೆ ಏಳು ವರ್ಷ. ನೆಲಮಹಡಿಯಲ್ಲಿ ನೀರು ತುಂಬಿದ ರಾತ್ರಿ ಆಕೆಯನ್ನು ಮೇಲಂತಸ್ತಿನಲ್ಲಿ, ಅಷ್ಟಾಗಿ ಪರಿಚಯವಿಲ್ಲದವರ ಮನೆಯಲ್ಲಿ ಮಲಗಿಸಲಾಗಿತ್ತು. ಈಗ ಆಕೆ ಕಾಲೇಜು ವಿದ್ಯಾರ್ಥಿನಿ. ಅಕ್ಟೋಬರ್ ಬಂತೆಂದರೆ ರಾತ್ರಿಯೆಲ್ಲ ಮೊಬೈಲಿನಲ್ಲಿ ಮಳೆಯ ಮುನ್ಸೂಚನೆಯನ್ನೂ ಚೆಂಬರಂಬಾಕ್ಕಂ ಜಲಾಶಯದ ನೀರಿನ ಮಟ್ಟವನ್ನೂ ನೋಡುತ್ತ ಕೂರುತ್ತಾಳೆ. ನಿದ್ರೆ ಕಡಿಮೆಯಾಗಿದೆ, ಓದು ಹಿಂದೆ ಬಿದ್ದಿದೆ. "ನನ್ನ ಓದು ಮುಗಿದು ಕೆಲಸ ಸಿಗುವಷ್ಟರಲ್ಲಿ ಈ ಊರು ಉಳಿದಿರುತ್ತಾ ಅಮ್ಮಾ?" ಎಂದು ಒಂದು ದಿನ ಕೇಳುತ್ತಾಳೆ. ತಾಯಿಗೆ ಉತ್ತರ ತೋಚುವುದಿಲ್ಲ. ಮಗಳನ್ನು ಆಪ್ತಸಮಾಲೋಚಕರ ಬಳಿಗೆ ಕರೆತಂದು, "ಇವಳು ಮಳೆಗೆ ಹೆದರುತ್ತಾಳೆ, ಏನಾದರೂ ಬುದ್ಧಿ ಹೇಳಿ" ಎನ್ನುತ್ತಾರೆ.

ಎದುರಿಗೆ ಕುಳಿತ ಸಮಾಲೋಚಕರು ಆ ಕ್ಷಣದಲ್ಲಿ ಏನು ಹೇಳಬೇಕು ಎಂಬುದೇ ಈ ಉಪನ್ಯಾಸದ ವಿಷಯ. ಹುಡುಗಿಯ ಭಯಕ್ಕೆ ಆಧಾರವಿಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ನೀರು ಬಂದದ್ದು ನಿಜ. ಇನ್ನೆಂದಿಗೂ ಬರುವುದಿಲ್ಲವೆಂದು ಭರವಸೆ ಕೊಡುವಂತೆಯೂ ಇಲ್ಲ. ಸಾಮಾನ್ಯವಾಗಿ ಆತಂಕದ ಚಿಕಿತ್ಸೆಯಲ್ಲಿ ರೋಗಿಯ ಭಯವು ವಾಸ್ತವಕ್ಕಿಂತ ಎಷ್ಟು ದೊಡ್ಡದು ಎಂಬುದನ್ನು ಆತನಿಗೇ ತೋರಿಸಿಕೊಡುವ ಕ್ರಮವಿದೆ. ಲಿಫ್ಟಿಗೆ ಹೆದರುವವನಿಗೆ ಲಿಫ್ಟು ಬೀಳುವುದು ಎಷ್ಟು ಅಪರೂಪವೆಂದು ತಿಳಿಸಬಹುದು. ಇಲ್ಲಿ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ನೆಯ ಇಸವಿಯ ಜಾಗತಿಕ ಸರಾಸರಿ ಉಷ್ಣಾಂಶ ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. ಹುಡುಗಿ ಓದಿರುವುದು ಇದನ್ನೇ.

ಮೊದಲು ಪದದ ಬಗ್ಗೆ ಎರಡು ಮಾತು. ಮನೋವಿಜ್ಞಾನದ ಬರಹಗಳಲ್ಲಿ ಈ ಸ್ಥಿತಿಗೆ 'ಹವಾಮಾನ ಆತಂಕ' ಎಂಬ ಹೆಸರು ರೂಢಿಯಾಗುತ್ತಿದೆ. ಆತಂಕ ಎಂಬುದು ಸಂಸ್ಕೃತ ಮೂಲದ ಶಬ್ದ. ರೋಗ, ನೋವು, ಭಯ ಇವೆಲ್ಲವೂ ಅದರ ಅರ್ಥಗಳೇ. ಕನ್ನಡದಲ್ಲಿ ಅದು ಅಡ್ಡಿ, ತಡೆ ಎಂಬ ಅರ್ಥದಲ್ಲಿಯೂ ಬಳಕೆಯಾಗಿದೆ. ಆದರೆ ಮನೆಮಾತಿನಲ್ಲಿ ಇದಕ್ಕೆ ಹತ್ತಿರವಾದ ಬೇರೆ ಪದಗಳಿವೆ: ಕಳವಳ, ದುಗುಡ, ದಿಗಿಲು, ಹಳಹಳಿ. ದಿಗಿಲು ಹಠಾತ್ತನೆ ಬಡಿಯುವಂಥದು, ಕಳವಳ ಒಳಗೊಳಗೇ ಕದಡುವಂಥದು, ಹಳಹಳಿ ಕಳೆದುಹೋದುದರ ಕುರಿತಾದ ಕೊರಗು. ಚಿಕಿತ್ಸೆಯ ದೃಷ್ಟಿಯಿಂದ ಈ ವ್ಯತ್ಯಾಸ ಬಹು ಮುಖ್ಯವಾದುದು. ಒಬ್ಬ ತರುಣನಲ್ಲಿರುವುದು ಮುಂದೆ ಬರಲಿರುವುದರ ಭಯವೋ, ಆಗಲೇ ಆದ ನೆರೆಯ ಆಘಾತವೋ, ಅಜ್ಜನ ತೋಟವೋ ಊರ ಕೆರೆಯೋ ಹಾಳಾದ ದುಃಖವೋ, ಹಿರಿಯರ ಮೇಲಿನ ಸಿಟ್ಟೋ ಎಂಬುದನ್ನು ವಿಂಗಡಿಸದೆ ಎಲ್ಲಕ್ಕೂ 'ಆತಂಕ' ಎಂಬ ಒಂದೇ ಚೀಟಿ ಅಂಟಿಸಿದರೆ ಔಷಧ ತಪ್ಪುತ್ತದೆ. ಮನೆಯಿದ್ದಲ್ಲಿಯೇ ಇದ್ದು, ಸುತ್ತಲಿನ ನೆಲ ಹಾಳಾಗುವುದನ್ನು ಕಂಡು ಉಂಟಾಗುವ ಮನೆಗೊರಗಿಗೆ ಆಸ್ಟ್ರೇಲಿಯಾದ ಗ್ಲೆನ್ ಆಲ್ಬ್ರೆಕ್ಟ್ ಎಂಬ ವಿದ್ವಾಂಸರು 2003ರ ಸುಮಾರಿಗೆ 'ಸೊಲಾಸ್ಟಾಲ್ಜಿಯಾ' ಎಂಬ ಹೊಸ ಪದವನ್ನೇ ಕಟ್ಟಿದರು. ಅಲ್ಲಿನ ಹಂಟರ್ ಕಣಿವೆಯ ಕಲ್ಲಿದ್ದಲು ಗಣಿಗಳ ಆಸುಪಾಸಿನ ಜನರ ಅನುಭವ ಅದಕ್ಕೆ ಪ್ರೇರಣೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಕೊಡಗಿನವರಿಗೆ ಆ ಪದದ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದು ಕೆಲವೇ ಸೂಕ್ಷ್ಮ ಮನಸ್ಸಿನ ಮಕ್ಕಳ ಸಮಸ್ಯೆಯೆಂದು ಭಾವಿಸುವುದು ತಪ್ಪಾಗುತ್ತದೆ. ಭಾರತವೂ ಸೇರಿದಂತೆ ಹತ್ತು ದೇಶಗಳಲ್ಲಿ, 16ರಿಂದ 25 ವರ್ಷ ವಯಸ್ಸಿನ ಹತ್ತು ಸಾವಿರ ಯುವಜನರನ್ನು ಪ್ರಶ್ನಿಸಿ ನಡೆಸಿದ ಸಮೀಕ್ಷೆಯೊಂದು 2021ರ ಡಿಸೆಂಬರಿನಲ್ಲಿ 'ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶೇ. 59 ಮಂದಿ ತಮಗೆ ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಅಥವಾ ಅತಿ ತೀವ್ರ ಚಿಂತೆಯಿದೆ ಎಂದರು. ಭವಿಷ್ಯ ಭಯ ಹುಟ್ಟಿಸುತ್ತದೆ ಎಂದವರು ಶೇ. 75. ಈ ಚಿಂತೆಯಿಂದ ತಮ್ಮ ದೈನಂದಿನ ಬದುಕಿಗೆ ತೊಂದರೆಯಾಗುತ್ತಿದೆ ಎಂದವರು ಶೇ. 45ಕ್ಕೂ ಹೆಚ್ಚು, ಭಾರತ, ಫಿಲಿಪ್ಪೀನ್ಸ್‌ಗಳಂತಹ ದೇಶಗಳಲ್ಲಿ ಈ ಪ್ರಮಾಣ ಸರಾಸರಿಗಿಂತ ಬಹಳ ಅಧಿಕವಾಗಿತ್ತು. ಸರ್ಕಾರಗಳು ಯುವಜನರ ಕೈಬಿಡುತ್ತಿವೆ ಎಂಬ ಮಾತಿಗೆ ಶೇ. 65 ಮಂದಿ ಸಮ್ಮತಿಸಿದರು. ಸರ್ಕಾರಿ ಪುಸ್ತಿಕೆಯೊಂದರಲ್ಲಿ ಈ ಕೊನೆಯ ಅಂಕಿಯನ್ನು ಅಚ್ಚು ಮಾಡುವುದು ಸ್ವಲ್ಪ ಇರಿಸುಮುರಿಸಿನ ಸಂಗತಿಯೇ ಸರಿ. ಆದರೆ ಅದನ್ನು ಬಿಟ್ಟುಬಿಟ್ಟರೆ ಯುವಜನರ ಸಂಕಟದ ಒಂದು ಮುಖ್ಯ ಎಳೆಯನ್ನೇ ಕತ್ತರಿಸಿದಂತಾಗುತ್ತದೆ. ಅವರನ್ನು ಕಾಡುವುದು ಪ್ರಕೃತಿಯ ಭಯವೊಂದೇ ಅಲ್ಲ, ದೊಡ್ಡವರಿಗೆ ಇದು ಗೊತ್ತಿದ್ದೂ ಸುಮ್ಮನಿದ್ದಾರೆ ಎಂಬ ಭಾವನೆಯೂ ಹೌದು.

ಹಾಗಾದರೆ ಇದು ಕಾಯಿಲೆಯೇ? ಮಾನಸಿಕ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣಗಳಲ್ಲಿ ಹವಾಮಾನ ಆತಂಕಕ್ಕೆ ಪ್ರತ್ಯೇಕ ರೋಗದ ಸ್ಥಾನವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಕಾಯಿಲೆಯೊಂದು ಈ ವೇಷದಲ್ಲಿ ಬರಬಹುದು. 2008ರಲ್ಲಿ ಮೆಲ್ಬರ್ನ್ ನಗರದ ವೈದ್ಯರು ವರದಿ ಮಾಡಿದ ಒಂದು ಪ್ರಕರಣ ಪ್ರಸಿದ್ಧವಾಗಿದೆ. ಆಸ್ಟ್ರೇಲಿಯಾ ದೀರ್ಘ ಅನಾವೃಷ್ಟಿಯಲ್ಲಿ ಬೇಯುತ್ತಿದ್ದ ಕಾಲ. ಹದಿನೇಳು ವರ್ಷದ ಹುಡುಗನೊಬ್ಬ ತಾನು ನೀರು ಕುಡಿದರೆ ಲಕ್ಷಾಂತರ ಜನ ಸಾಯುತ್ತಾರೆಂದು ನಂಬಿ ನೀರನ್ನೇ ನಿರಾಕರಿಸಿದ್ದ. ಅದು ತೀವ್ರ ಖಿನ್ನತೆಯೊಡನೆ ಬಂದ ಭ್ರಮೆ. ಅದೇ ದೇಶದಲ್ಲಿ 2012ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಗೀಳು ರೋಗದ ಐವತ್ತು ಮಂದಿಯ ಪೈಕಿ ಹದಿನಾಲ್ಕು ಮಂದಿಯ ಗೀಳು ಹವಾಮಾನ ಬದಲಾವಣೆಗೆ ಹೆಣೆದುಕೊಂಡಿತ್ತು. ನಲ್ಲಿ, ದೀಪ, ಒಲೆ ಆರಿದೆಯೇ ಎಂದು ಅವರು ಮತ್ತೆ ಮತ್ತೆ ನೋಡುತ್ತಿದ್ದರು. ಇಂಥವರಿಗೆ ಬೇಕಾದುದು ಮನೋವೈದ್ಯರು. ಮಳೆಯ ಮುನ್ಸೂಚನೆ ನೋಡುತ್ತ ಕುಳಿತ ಚೆನ್ನೈನ ಹುಡುಗಿ ಆ ಹುಡುಗನಂತಲ್ಲ. ಆಕೆಯ ತರ್ಕದಲ್ಲಿ ಕೊರತೆಯಿಲ್ಲ. ಆಕೆಯ ನಿದ್ರೆಯಲ್ಲಿ ಇದೆ. ಊಟ, ನಿದ್ರೆ, ಓದು, ಗೆಳೆತನ ಇವು ಎಷ್ಟರಮಟ್ಟಿಗೆ ಕೆಟ್ಟಿವೆ ಎಂಬುದರ ಮೇಲೆ ಸಮಾಲೋಚಕರ ಗಮನವಿರಬೇಕೇ ಹೊರತು, ಆಕೆಗೆ ಎಷ್ಟು ಭಯವಿದೆ ಎಂಬುದರ ಮೇಲಲ್ಲ. 2020ರಲ್ಲಿ ಸೂಸನ್ ಕ್ಲೇಟನ್ ಮತ್ತು ಅವರ ಸಹೋದ್ಯೋಗಿ ರೂಪಿಸಿದ ಹದಿಮೂರು ಪ್ರಶ್ನೆಗಳ ಅಳತೆಪಟ್ಟಿಯೂ ಇದೇ ನೆಲೆಯದು: ಯೋಚನೆ ಮತ್ತು ಭಾವನೆಗೆ ಆದ ಅಡ್ಡಿ, ದೈನಂದಿನ ಕೆಲಸಕ್ಕೆ ಆದ ಅಡ್ಡಿ, ಇವೆರಡನ್ನು ಅದು ಅಳೆಯುತ್ತದೆ. ಆತಂಕ ಪದದ 'ಅಡ್ಡಿ' ಎಂಬ ಅರ್ಥ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಸಾಯುವ ಮಾತು ಬಂದಲ್ಲಿ ಮಾತ್ರ ಯಾವ ಅಳತೆಪಟ್ಟಿಗೂ ಕಾಯದೆ ಅಂದೇ ಮನೋವೈದ್ಯರ ಬಳಿಗೆ ಕಳುಹಿಸತಕ್ಕದ್ದು.

ಸಮಾಲೋಚಕರಿಂದ ಆಗಬಹುದಾದ ತಪ್ಪುಗಳಲ್ಲಿ ಅತಿ ಸಾಮಾನ್ಯವಾದುದು ಸಾಂತ್ವನದ ತಪ್ಪು. "ಎಲ್ಲ ಸರಿಹೋಗುತ್ತದೆ, ವಿಜ್ಞಾನಿಗಳು ನೋಡಿಕೊಳ್ಳುತ್ತಾರೆ, ನೀನು ಪರೀಕ್ಷೆಯ ಕಡೆ ಗಮನ ಕೊಡು" ಎಂಬ ಮಾತು ಕರುಣೆಯಿಂದಲೇ ಬಂದಿರಬಹುದು. ಕೇಳಿಸಿಕೊಂಡ ಹುಡುಗಿಗೆ ಮಾತ್ರ ಅದು ಬಾಗಿಲು ಮುಚ್ಚಿದ ಸದ್ದಿನಂತೆ ಕೇಳಿಸುತ್ತದೆ. ಮನೆಯಲ್ಲಿ ಆಗಲೇ ನಾಲ್ಕು ಬಾರಿ ಕೇಳಿದ ಮಾತು ಅದು. ಮುಂದಿನ ವಾರ ಆಕೆ ಬರುವುದಿಲ್ಲ, ಬಂದರೂ ತನ್ನ ನಿಜವಾದ ವಿಷಯವನ್ನು ಹೇಳುವುದಿಲ್ಲ. ಇದಕ್ಕೆ ಪ್ರತಿಯಾಗಿ, ಹುಡುಗಿಯೊಡನೆ ತಾವೂ ನಿರಾಶೆಗೆ ಇಳಿದುಬಿಡುವ ಸಮಾಲೋಚಕರೂ ಉಂಟು. ಅದು ಪ್ರಾಮಾಣಿಕವೆನಿಸಿದರೂ ಉಪಯೋಗವಿಲ್ಲದ್ದು. ಇವೆರಡರ ಮೂಲ ಒಂದೇ: ಸಮಾಲೋಚಕರು ತಮ್ಮ ಸ್ವಂತ ಭಯವನ್ನು ಎಂದೂ ಕುಳಿತು ನೋಡಿಲ್ಲ. ಪರೀಕ್ಷೆಯ ಭಯವನ್ನು, ದಾಂಪತ್ಯದ ಕಲಹವನ್ನು ಅವರು ದೂರದಿಂದ ನೋಡಬಲ್ಲರು. ಇಲ್ಲಿ ದಡದ ಮೇಲೆ ನಿಂತವರು ಯಾರೂ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಸಿಕ್ಕಿಬಿದ್ದ ಮುಂಬಯಿಯ ಸಮಾಲೋಚಕಿಗೂ, 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ನೆರೆಯನ್ನು ಕಂಡವರಿಗೂ, ನವೆಂಬರ್ ತಿಂಗಳಲ್ಲಿ ಮಕ್ಕಳನ್ನು ಹೊಗೆಯ ಗಾಳಿಗೆ ಬಿಡಲಾರದೆ ಕಿಟಕಿ ಮುಚ್ಚುವ ದೆಹಲಿಯವರಿಗೂ ಅವರದೇ ಕಳವಳವಿದೆ. ಬ್ರಿಟನ್ನಿನಲ್ಲಿ ಈ ವಿಷಯದಲ್ಲಿ ಆಸಕ್ತಿಯುಳ್ಳ ಮನೋಚಿಕಿತ್ಸಕರು ತಮ್ಮದೇ ಸಂಘ ಕಟ್ಟಿಕೊಂಡು, ತಮ್ಮ ಭಾವನೆಗಳನ್ನು ಮೊದಲು ತಮ್ಮೊಳಗೆ ಮಾತನಾಡಿಕೊಳ್ಳುವ ಪದ್ಧತಿಯನ್ನು ಇರಿಸಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಮೂರು ನಾಲ್ಕು ಜನ ಸಹೋದ್ಯೋಗಿಗಳು ಕೂಡುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಎರಡನೆಯದಾಗಿ, ವಿಷಯದ ಅರಿವು. ಸಮಾಲೋಚಕರು ವಿಜ್ಞಾನಿಗಳಾಗಬೇಕಿಲ್ಲ. ಆದರೆ ಯುವಜನರ ತಲೆಯಲ್ಲಿ ಕುಳಿತ ಒಂದೆರಡು ತಪ್ಪು ಕಲ್ಪನೆಗಳನ್ನು ಗುರುತಿಸುವಷ್ಟು ತಿಳಿದಿರಬೇಕು. 2018ರ ಅಕ್ಟೋಬರಿನಲ್ಲಿ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯು ಒಂದು ವರದಿ ಪ್ರಕಟಿಸಿತು. ತಾಪದ ಏರಿಕೆ 1.5 ಡಿಗ್ರಿಗೆ ನಿಲ್ಲಬೇಕಾದರೆ ಇಂಗಾಲದ ಡೈಆಕ್ಸೈಡಿನ ನಿವ್ವಳ ಹೊರಸೂಸುವಿಕೆ 2030ರೊಳಗೆ, 2010ರಲ್ಲಿದ್ದ ಪ್ರಮಾಣಕ್ಕಿಂತ ಸುಮಾರು ಶೇ. 45ರಷ್ಟು ಇಳಿಯಬೇಕೆಂದು ಅದರಲ್ಲಿ ಹೇಳಿತ್ತು. ಜನರ ಬಾಯಲ್ಲಿ ಅದು "ಇನ್ನು ಹನ್ನೆರಡೇ ವರ್ಷ, ಆಮೇಲೆ ಪ್ರಪಂಚ ಮುಗಿಯಿತು" ಎಂದಾಯಿತು. ವರದಿಯಲ್ಲಿ ಅಂಥ ಮಾತಿಲ್ಲ. ಬೆಟ್ಟದ ತುದಿಯಿಂದ ಒಮ್ಮೆಗೇ ಬೀಳುವ ಚಿತ್ರ ಅದಲ್ಲ. ಡಿಗ್ರಿಯ ಹತ್ತನೆಯ ಒಂದು ಭಾಗ ತಗ್ಗಿದರೂ ಅಷ್ಟು ಹಾನಿ ತಗ್ಗುತ್ತದೆ, ಹೆಚ್ಚಿದರೆ ಅಷ್ಟು ಹೆಚ್ಚುತ್ತದೆ. ಎಲ್ಲವೂ ಮುಗಿಯಿತು ಎನ್ನುವ ತರುಣನಿಗೆ ಈ ಸಂಗತಿಯನ್ನು ವಾದಕ್ಕಾಗಿ ಅಲ್ಲದೆ, ಅವನು ಕೇಳಲು ಸಿದ್ಧನಾದಾಗ ಹೇಳಿದರೆ ಅದಕ್ಕೊಂದು ತೂಕವಿರುತ್ತದೆ.

ಕೆಲವರು ಕೂಡಲೇ ಕೆಲಸ ಹಚ್ಚುವ ಉಪಾಯ ಮಾಡುತ್ತಾರೆ. ಗಿಡ ನೆಡು, ಪ್ಲಾಸ್ಟಿಕ್ ಬಿಡು, ಬಟ್ಟೆಯ ಚೀಲ ಹಿಡಿ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಭಯದ ಔಷಧವಾಗಿ ಇವುಗಳಿಗೆ ಮಿತಿಯಿದೆ. ಸ್ವೀಡನ್ನಿನ ಮರಿಯಾ ಓಯಾಲಾ ಎಂಬ ಸಂಶೋಧಕಿ ಹನ್ನೆರಡು ವರ್ಷದ ಮಕ್ಕಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಸೆಯಲ್ಲಿ ಮನನೀಯ. ಸಮಸ್ಯೆಯನ್ನು ತಾವೇ ಬಗೆಹರಿಸಬೇಕೆಂದು ಹೊರಡುವ ಮಕ್ಕಳಲ್ಲಿ ಬೇಸರ, ದುಗುಡಗಳು ಹೆಚ್ಚಾಗಿಯೇ ಕಂಡುಬಂದವು. ಹೊರೆ ಹೆಗಲಿಗಿಂತ ದೊಡ್ಡದು, ಅದಕ್ಕೇ. ಅಂಥ ಮಕ್ಕಳನ್ನು ಕಾಪಾಡಿದ್ದು, ಸಂಕಟವನ್ನು ಒಪ್ಪಿಕೊಂಡೇ ಅದರೊಳಗೆ ಅರ್ಥವನ್ನೂ, ಇತರರ ಮೇಲೆ ನಂಬಿಕೆಯನ್ನೂ ಕಂಡುಕೊಳ್ಳುವ ಬಗೆ. ಇನ್ನೊಂದು ಅಧ್ಯಯನ 2022ರಲ್ಲಿ ಅಮೆರಿಕದ ವಿದ್ಯಾರ್ಥಿಗಳನ್ನು ಕುರಿತು ಬಂದುದು. ಹವಾಮಾನದ ಆತಂಕಕ್ಕೂ ಖಿನ್ನತೆಯ ಲಕ್ಷಣಗಳಿಗೂ ಇರುವ ನಂಟು, ಹಲವರೊಡನೆ ಕೂಡಿ ಕೆಲಸ ಮಾಡುವವರಲ್ಲಿ ದುರ್ಬಲವಾಗಿತ್ತು. ಒಬ್ಬೊಬ್ಬರೇ ಮಾಡುವ ಕೆಲಸಗಳಿಂದ ಆ ಫಲ ಕಾಣಲಿಲ್ಲ. ಆದ್ದರಿಂದ ಸಮಾಲೋಚಕರು "ನೀನು ಏನು ಮಾಡುತ್ತೀ?" ಎಂದು ಕೇಳುವುದಕ್ಕಿಂತ "ಈ ಬಗ್ಗೆ ಯಾರೊಡನೆ ಮಾತನಾಡುತ್ತೀ?" ಎಂದು ಕೇಳುವುದು ಲೇಸು. ಬಹಳ ಸಲ ಬರುವ ಉತ್ತರ, "ಯಾರ ಜೊತೆಗೂ ಇಲ್ಲ."

ಸಿಟ್ಟಿನ ವಿಷಯ ಪ್ರತ್ಯೇಕವಾದುದು. ಅದನ್ನು ರೋಗಲಕ್ಷಣವೆಂದು ಬರೆದುಕೊಳ್ಳುವ ಅವಸರ ಬೇಡ. ಉತ್ತರಾಖಂಡದ ರಿಧಿಮಾ ಪಾಂಡೆ 2017ರಲ್ಲಿ, ತನ್ನ ಒಂಬತ್ತನೆಯ ವಯಸ್ಸಿನಲ್ಲಿ, ಹವಾಮಾನ ಬದಲಾವಣೆಯ ವಿಷಯದಲ್ಲಿ ಕ್ರಮ ಸಾಲದೆಂದು ಕೇಂದ್ರ ಸರ್ಕಾರದ ವಿರುದ್ಧವೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದಳು. 2013ರ ಕೇದಾರನಾಥದ ಪ್ರಳಯ ಆಕೆಯ ನಾಡಿನಲ್ಲಿಯೇ ಆದುದು. ಆ ಅರ್ಜಿ 2019ರಲ್ಲಿ ವಜಾ ಆಯಿತು. ಆದರೆ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ಸಂವಿಧಾನದತ್ತವಾದುದೆಂದು ಬೇರೊಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. ಸಿಟ್ಟಿಗೆ ಒಂದು ಸಭ್ಯವಾದ ದಾರಿಯಿದೆ ಎಂಬುದಕ್ಕೆ ಇದು ನಿದರ್ಶನ. ಎಲ್ಲ ಮಕ್ಕಳೂ ನ್ಯಾಯಾಲಯಕ್ಕೆ ಹೋಗಬೇಕೆಂದಲ್ಲ. ಮಗುವಿನ ಸಿಟ್ಟನ್ನು ಎದುರಿಗಿರುವ ಒಬ್ಬ ದೊಡ್ಡವರಾದರೂ ಮುಖ ತಿರುಗಿಸದೆ ಕೇಳಿದರೆ ಅದೇ ಅರ್ಧ ಚಿಕಿತ್ಸೆ.

ಮನೆಯ ಹಿರಿಯರ ಪಾತ್ರ ಇಲ್ಲಿ ಎರಡಲಗಿನ ಕತ್ತಿ. ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಅಜ್ಜ ಅಜ್ಜಿಯರಿಗೆ ಆರಿದ್ರಾ ಮಳೆ, ಪುಷ್ಯ ಮಳೆ, ಸ್ವಾತಿ ಮಳೆಗಳ ಲೆಕ್ಕ ಬಾಯಿಪಾಠ; 1876ರ ಧಾತು ಸಂವತ್ಸರದ ಕ್ಷಾಮದ ಕಥೆಗಳನ್ನು ಅವರು ತಮ್ಮ ಹಿರಿಯರಿಂದ ಕೇಳಿದವರು. "ಇದಕ್ಕಿಂತ ಕೆಟ್ಟ ಕಾಲವನ್ನು ನಮ್ಮವರು ದಾಟಿದ್ದಾರೆ" ಎನ್ನುವುದು ಅವರಿಗೆ ಸಹಜ. ಆದರೆ ಆ ಹೋಲಿಕೆ ಪೂರ್ಣವಾಗಿ ಒಪ್ಪುವುದಿಲ್ಲ. ಅಂದಿನ ಬರ ಎಷ್ಟೇ ಭೀಕರವಾಗಿದ್ದರೂ, ಮುಂದಿನ ವರ್ಷದ ಮಳೆ ತನ್ನ ನಕ್ಷತ್ರಕ್ಕೆ ಬಂದೀತೆಂಬ ನಂಬಿಕೆ ಉಳಿದಿತ್ತು. ಇಂದಿನ ಹುಡುಗಿಯ ಪ್ರಶ್ನೆ ಆ ಲೆಕ್ಕವೇ ತಪ್ಪುತ್ತಿದೆಯಲ್ಲ ಎಂಬುದು. ಅಜ್ಜಿಗೂ ಅದು ಗೊತ್ತು. ಸ್ವಾತಿ ಮಳೆ ಮೊದಲಿನಂತಿಲ್ಲ ಎಂದು ಆಕೆಯೇ ಹೇಳುತ್ತಿರುತ್ತಾಳೆ. ಸಮಾಲೋಚಕರು ಒಂದು ದಿನ ಅಜ್ಜಿಯನ್ನೂ ಮೊಮ್ಮಗಳನ್ನೂ ಕೂಡಿಸಿ ಈ ಮಾತನ್ನೇ ಆಡಿಸಬಹುದು. ಅದರಿಂದ ಹುಡುಗಿಗೆ ಉಪದೇಶದ ಬದಲು ಒಬ್ಬ ಸಾಕ್ಷಿ ದೊರೆಯುತ್ತಾಳೆ.

ಭಾಷೆಯ ತೊಡಕೂ ಸಣ್ಣದಲ್ಲ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಬೆಳೆದ ಕನ್ನಡ ಮನೆಯ ಮಗು ಹವಾಮಾನದ ಪಾಠವನ್ನು ಇಂಗ್ಲಿಷಿನಲ್ಲಿ ಓದುತ್ತದೆ, ಗೆಳೆಯರೊಡನೆ ಮರಾಠಿಯನ್ನೋ ತೆಲುಗನ್ನೋ ಆಡುತ್ತದೆ, ಅಳುವುದು ಮಾತ್ರ ಕನ್ನಡದಲ್ಲಿ. ಪಠ್ಯದ ಭಾಷೆಯಲ್ಲಿ ಆ ಮಗು ಅಂಕಿ ಅಂಶಗಳನ್ನು ಸರಾಗವಾಗಿ ಒಪ್ಪಿಸುವುದನ್ನು ಕಂಡು, ಇದು ಬರೀ ತಲೆಯ ವಿಷಯವೆಂದು ಸಮಾಲೋಚಕರು ಮೋಸಹೋಗುವುದುಂಟು. "ಮನೆಯಲ್ಲಿ ಇದನ್ನು ಅಮ್ಮನಿಗೆ ಹೇಗೆ ಹೇಳುತ್ತೀ?" ಎಂದು ಕೇಳಿದಾಗ ಮಾತು ತಡವರಿಸುತ್ತದೆ. ಕೆಲಸ ಆರಂಭವಾಗುವುದು ಅಲ್ಲಿಂದ. ಸಮಾಲೋಚಕರಿಗೆ ಕನ್ನಡ ಬಾರದಿದ್ದರೂ ಹುಡುಗಿ ಆ ವಾಕ್ಯವನ್ನು ಕನ್ನಡದಲ್ಲಿಯೇ ಹೇಳಿ ಬಳಿಕ ಅರ್ಥ ತಿಳಿಸುವಂತೆ ಬಿಡಬೇಕು. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದ ಕಾರ್ಯಕ್ರಮಗಳ ನಡುವೆ ಯುವಜನರ ಇಂಥದೊಂದು ಮಾತುಕತೆಗೆ ಸಂಜೆಯೊಂದನ್ನು ತೆಗೆದಿರಿಸಿದರೆ, ಯಾರ ಜೊತೆಗೂ ಇಲ್ಲ ಎನ್ನುವವರಿಗೆ ಜೊತೆ ಸಿಕ್ಕೀತು.

ತಜ್ಞರ ಸಂಖ್ಯೆ ಸಾಲದೆಂಬುದು ಎಲ್ಲರಿಗೂ ತಿಳಿದ ವಿಷಯ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳಲ್ಲಿ ಲಕ್ಷ ಜನಸಂಖ್ಯೆಗೆ ಮನೋವೈದ್ಯರ ಸಂಖ್ಯೆ 0.05ರಿಂದ 1.2ರವರೆಗೆ ಇತ್ತು. ಆದುದರಿಂದ ಈ ಕೆಲಸದ ಮೊದಲ ಹಂತ ಶಾಲಾ ಕಾಲೇಜುಗಳ ಅಧ್ಯಾಪಕರ ಮತ್ತು ಸಮಾಲೋಚಕರ ಪಾಲಿಗೇ ಬರುತ್ತದೆ. ಇದು ಹೊಸ ಉಪಾಯವೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದ್ದು, ಕನ್ನಡವೂ ಅದರಲ್ಲಿದೆ.

ಇನ್ನು ಚೆನ್ನೈನ ಆ ಹುಡುಗಿ. ಮೊದಲ ಭೇಟಿಯಲ್ಲಿ ಸಮಾಲೋಚಕರು ಆಡಬೇಕಾದ ಮಾತು ಹೆಚ್ಚಿಲ್ಲ. "ನಿನ್ನ ಭಯಕ್ಕೆ ಕಾರಣವಿದೆ. ಅದರ ಜೊತೆಗೆ ನಿದ್ರೆಯೂ ಬರುವಂತೆ ಏನು ಮಾಡಬಹುದೋ ನೋಡೋಣ" ಎಂದರೆ ಸಾಕು. ಅನಂತರ 2015ರ ಆ ರಾತ್ರಿಯನ್ನು ಆಕೆ ತನ್ನ ವೇಗದಲ್ಲಿ ಹೇಳಲಿ. ಆ ಮೇಲಂತಸ್ತಿನ ಮನೆ, ನೀರಿನ ವಾಸನೆ, ಅಮ್ಮ ಎಲ್ಲಿದ್ದಳು ಎಂಬುದು, ಇವನ್ನೆಲ್ಲ ಪ್ರಾಯಶಃ ಯಾರೂ ಆಕೆಯನ್ನು ಕೇಳಿಲ್ಲ. ಅದು ನೆನಪಿನ ಗಾಯ. ಮುಂದಿನ ಭಯದಿಂದ ಅದನ್ನು ಬಿಡಿಸಿಕೊಂಡರೆ ಎರಡೂ ಸ್ವಲ್ಪ ಹಗುರಾಗುತ್ತವೆ. ಜಲಾಶಯದ ಮಟ್ಟವನ್ನು ನೋಡಬೇಡವೆನ್ನುವುದಕ್ಕಿಂತ, ಸಂಜೆ ಏಳಕ್ಕೆ ಒಮ್ಮೆ ತಂದೆಯೊಡನೆ ಕುಳಿತು ನೋಡಿ, ಬಳಿಕ ಮೊಬೈಲನ್ನು ಅವರ ಕೋಣೆಯಲ್ಲಿ ಇಡುವುದೆಂದು ಒಪ್ಪಂದ ಮಾಡಬಹುದು. ನೆರೆ ಬಂದರೆ ಯಾವ ಮನೆಗೆ ಹೋಗುವುದು, ಯಾವ ಕಾಗದಪತ್ರಗಳನ್ನು ಎತ್ತಿಡುವುದು ಎಂಬುದನ್ನು ಮನೆಯವರೆಲ್ಲ ಕೂಡಿ ಬರೆದಿಡಲಿ. ಆಕೆ ಒಬ್ಬಳೇ ಕಾವಲು ಕೂರಬೇಕಾಗಿಲ್ಲ ಎಂಬುದು ಆಕೆಗೆ ಕಣ್ಣಿಗೆ ಕಾಣಲಿ. ಈಶಾನ್ಯ ಮಾರುತ ಸಾಮಾನ್ಯವಾಗಿ ಅಕ್ಟೋಬರಿನ ಉತ್ತರಾರ್ಧದಲ್ಲಿ ಆರಂಭವಾಗುವುದರಿಂದ, ಈ ಭೇಟಿಗಳನ್ನು ಆಗಸ್ಟಿನಲ್ಲಿಯೇ ಶುರುಮಾಡಿ, ಮಳೆಯ ಮೊದಲ ರಾತ್ರಿಯ ಮರುದಿನಕ್ಕೂ ಒಂದು ಭೇಟಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.